ಅಳಿಸಿಹಾಕಿದ ಕೆಂಪು

ಕಳೆದ ಫೆಬ್ರವರಿ ನಾಲ್ಕನೆಯ ತಾರೀಖು ಬೆಳಿಗ್ಗೆ, ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಊಟದ ಕೋಣೆಯಲ್ಲಿ, ತೀರಿಹೋದ ಒಬ್ಬ ಕೆಲಸಗಾರನಿಗೆ ಅನ್ಯಾಯ ಮಾಡಲಾಯಿತು. ಅದನ್ನು ಚಪ್ಪಾಳೆಗಳ ನಡುವೆ ಮಾಡಲಾಯಿತು. ಚಪ್ಪಾಳೆ ತಟ್ಟಿದವರಲ್ಲಿ ಅವನ ಹೆಂಡತಿಯೂ ಇದ್ದಳು. ಅವಳು ನನ್ನ ತಂಗಿ. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಆದುದರಿಂದ ಇಲ್ಲಿ ಬರೆಯುತ್ತಿರುವುದು ಕೇಳಿದ ಮಾತಲ್ಲ, ಕಂಡದ್ದು.

ಅಂದು ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ನೀಡುವ ದಿನವೆಂದು ಕಾರ್ಖಾನೆಯವರು ಸಭೆ ಕರೆದಿದ್ದರು. ಅದಕ್ಕೆ ಮೊದಲು ಕಾರ್ಮಿಕ ಕಲ್ಯಾಣಾಧಿಕಾರಿ ತಂಗಿಯ ಮನೆಗೆ ಬಂದು, "ಅಮ್ಮಾ, ಯಜಮಾನರ ನೆನಪಿಗೆ ಅಂತ ಒಂದು ಒಳ್ಳೆ ಫೋಟೋ ಕೊಡಿ, ದೊಡ್ಡದು ಮಾಡಿಸಿ ಹಾಕ್ತೀವಿ" ಎಂದು ಕೇಳಿಕೊಂಡು ಹೋಗಿದ್ದರು. ಅವಳಲ್ಲಿ ಗಂಡ ಬಾಯಿ ತುಂಬ ನಗುತ್ತಿರುವ ಫೋಟೋ ಇದ್ದದ್ದು ಒಂದೇ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಯಾರನ್ನೋ ಕರೆಯುತ್ತಾ ಬಲಗೈ ಮೇಲೆತ್ತಿದ್ದಾನೆ. ಎರಡು ಬೆರಳುಗಳ ನಡುವೆ ಹೊತ್ತಿಸಿದ ಸಿಗರೇಟು. ಆ ಕೈ ಮಣಿಕಟ್ಟು ದಾಟಿ ಒಂದು ಗೇಣಿನವರೆಗೆ ಕಡುಗೆಂಪು. "ಇದರಲ್ಲಿ ಅವರ ಕೈ ಚೆನ್ನಾಗಿ ಬಂದಿದೆ" ಎಂದು ಹೇಳಿ ಅದನ್ನೇ ಕೊಟ್ಟಳು.

ಸಭೆಯಲ್ಲಿ ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಗೋಡೆಯ ಮೇಲೆ ಆಳೆತ್ತರದ ಚಿತ್ರ, ಅದಕ್ಕೆ ಮುಸುಕು. ವ್ಯವಸ್ಥಾಪಕರು ಮುಸುಕೆಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಗಂಡನ ನಗು ಕಂಡೊಡನೆ ಅವಳಿಗೆ ಮತ್ತೇನೂ ಕಂಡಿರಲಿಲ್ಲ. ಕೆಳಗಿದ್ದ ಸಾಲನ್ನು ಓದಿದ್ದು ಚಪ್ಪಾಳೆ ನಿಂತ ಮೇಲೆ: "ಈ ಕೈ ಸಿಗರೇಟು ಹಿಡಿಯದೆ ಇದ್ದಿದ್ದರೆ ಇಂದೂ ಕೆಲಸ ಮಾಡುತ್ತಿತ್ತು."

ತಂಗಿ ನನ್ನ ತೋಳು ಹಿಡಿದುಕೊಂಡಳು. "ಅಣ್ಣಾ, ಇದು ಅವರ ಕೈ ಅಲ್ಲ" ಎಂದಳು.

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಸಿಗರೇಟು ಇದ್ದಲ್ಲೇ ಇತ್ತು. ಹೊಗೆಯನ್ನು ಇನ್ನಷ್ಟು ದಟ್ಟ ಮಾಡಿದ್ದರು. ಕೆಂಪು ಮಾತ್ರ ಇರಲಿಲ್ಲ. ಯಾವ ಸೋಪಿಗೂ, ಯಾವ ಉಜ್ಜುಗಲ್ಲಿಗೂ ಬಗ್ಗದಿದ್ದ ಬಣ್ಣವನ್ನು ಯಾರೋ ಕಂಪ್ಯೂಟರಿನ ಮುಂದೆ ಕುಳಿತು ತೊಳೆದುಹಾಕಿದ್ದರು. ಮದುವೆಯಾದ ದಿನದಿಂದ ಅವಳು ಒಮ್ಮೆಯೂ ಕಾಣದಿದ್ದ ಬಿಳಿಚು ಕೈಯೊಂದನ್ನು ಅವಳ ಗಂಡನ ತೋಳಿಗೆ ಅಂಟಿಸಲಾಗಿತ್ತು.

ಬಳಿಕ ಕಾರ್ಖಾನೆಯ ಡಾಕ್ಟರು ಮಾತನಾಡಿದರು. ಹೊಗೆಸೊಪ್ಪಿನಿಂದ ಬಾಯಿ, ಗಂಟಲು, ಶ್ವಾಸಕೋಶ ಮಾತ್ರವಲ್ಲ, ಮೂತ್ರಕೋಶವೂ ಕೆಡುತ್ತದೆ ಎಂದರು. ಅದು ಸರಿ. ಕುಡಿತ, ಅತಿಯಾದ ಬೊಜ್ಜು, ಮೈ ಬಗ್ಗಿಸದ ಬದುಕು ಕೆಲವು ಬಗೆಯ ಕ್ಯಾನ್ಸರಿಗೆ ದಾರಿ ಮಾಡುತ್ತವೆ ಎಂದರು. ಅದೂ ಸರಿ. ಕೊನೆಗೆ, "ಎಲ್ಲಾ ನಮ್ಮ ಅಭ್ಯಾಸದಲ್ಲಿದೆ. ಸೇದದವರು ನೆಮ್ಮದಿಯಾಗಿ ಮನೆಗೆ ಹೋಗಿ" ಎಂದರು. ಅದು ಸರಿಯಲ್ಲ. ಆ ಒಂದು ಮಾತಿನ ಸಲುವಾಗಿಯೇ ನಾನು ಈ ಬರಹಕ್ಕೆ ಕೂತಿರುವುದು. ಏಕೆಂದರೆ ಹಿಂದಿನ ಗೋಡೆಗೊರಗಿ ನಿಂತಿದ್ದ, ಸತ್ತವನ ಸ್ವಂತ ತಮ್ಮ, ಅಣ್ಣ ದುಡಿದ ವಿಭಾಗದಲ್ಲೇ ಅದೇ ಬಣ್ಣ ಕದಡುವವನು, ಸಭೆ ಮುಗಿದೊಡನೆ ನಮ್ಮ ಬಳಿ ಬಂದು ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟ.

"ಕೇಳಿದ್ರಾ ಅತ್ತಿಗೆ? ನಾನಂತೂ ಜನ್ಮದಲ್ಲಿ ಒಂದು ದಮ್ಮು ಎಳೆದವನಲ್ಲ. ಸುಮ್ಮನೆ ಹೆದರಿಸಿಬಿಟ್ಟಿದ್ರಿ ನೀವಿಬ್ರೂ."

ಈ ತಮ್ಮ ಉಳಿಯುತ್ತಾನೋ ಇಲ್ಲವೋ ಎಂಬುದೇ ನನ್ನ ತಂಗಿಗೆ ಈಗ ಉಳಿದಿರುವ ಒಂದೇ ಪ್ರಶ್ನೆ. ಅದು ಅರ್ಥವಾಗಬೇಕಾದರೆ ಅಣ್ಣನ ಬದುಕನ್ನು ಮೊದಲಿನಿಂದ ಹೇಳಬೇಕು.

ಅವನನ್ನು ಕೆಲಸದವರೆಲ್ಲ ಕೆಂಗೈ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಆ ಹೆಸರಿಗೆ ಅವನು ಎಂದೂ ಬೇಸರಿಸಲಿಲ್ಲ. ಮದುವೆಯನ್ನು ನೋಂದಾಯಿಸುವ ಕಚೇರಿಯಲ್ಲಿ ಸಹಿ ಹಾಕುವಾಗ ಅಧಿಕಾರಿ ಅವನ ಕೈಯನ್ನೇ ನೋಡಿ, "ಏನಪ್ಪಾ, ಶಾಯಿ ಚೆಲ್ಲಿಕೊಂಡ್ಯಾ?" ಎಂದು ಕೇಳಿದ್ದರು. "ಇಲ್ಲ ಸಾರ್, ಇದು ನನ್ನ ಸಂಬಳ" ಎಂದ. ನನ್ನ ತಂಗಿ ನಕ್ಕಳು. ಆವರೆಗೆ ಅವನ ಬಗ್ಗೆ ನನಗಿದ್ದ ಅನುಮಾನಗಳು ಆ ನಗುವಿನೊಂದಿಗೆ ಕರಗಿದವು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದೆ. ಒಮ್ಮೆ ಆ ಕಾರ್ಖಾನೆಯ ತಕ್ಕಡಿಗಳಿಗೆ ಮುದ್ರೆ ಒತ್ತಲು ಹೋದಾಗ ಅವನ ಕೆಲಸದ ಜಾಗವನ್ನು ನೋಡಿದೆ. ಅದಕ್ಕೆ ಅವರು ಹಂಡೆಮನೆ ಎನ್ನುತ್ತಿದ್ದರು. ಉದ್ದನೆಯ ಕೋಣೆ, ಎರಡು ಸಾಲು ಉಕ್ಕಿನ ಹಂಡೆಗಳು, ಒಂದೊಂದರಲ್ಲೂ ಒಬ್ಬ ಮನುಷ್ಯ ನಿಂತು ಸ್ನಾನ ಮಾಡಬಹುದು. ಕುದಿಯುವ ಬಣ್ಣದ ನೀರಿನಿಂದ ಆವಿ ಎದ್ದು ಚಾವಣಿಗೆ ತಾಗಿ ಹನಿಯಾಗಿ ಮತ್ತೆ ತಲೆಯ ಮೇಲೆ ಬೀಳುತ್ತಿತ್ತು. ಮೂಲೆಯಲ್ಲಿ ಪುಡಿಯ ಪೀಪಾಯಿಗಳು. ಅವುಗಳ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಕೆಂಗೈ ಪೀಪಾಯಿಯ ಮುಚ್ಚಳ ತೆಗೆದು, ಚಿಪ್ಪಿನಿಂದ ಪುಡಿ ತೋಡಿ, ನನ್ನ ಮುಂದೆಯೇ ತಕ್ಕಡಿಗೆ ಸುರಿದ. ಪುಡಿ ನಮ್ಮಿಬ್ಬರ ಮುಖಕ್ಕೂ ಎದ್ದಿತು. ನಾನು ಕರವಸ್ತ್ರ ಹಿಡಿದೆ. ಅವನು ತುಟಿ ನೆಕ್ಕಿಕೊಂಡ.

"ರುಚಿ ನೋಡಿದ್ರೇ ಗೊತ್ತಾಗುತ್ತೆ ಭಾವ, ಪುಡಿ ಹಳೇದೋ ಹೊಸದೋ ಅಂತ. ಹೊಸದು ಸ್ವಲ್ಪ ಕಹಿ."

ತಕ್ಕಡಿ ಕರಾರುವಾಕ್ಕಾಗಿತ್ತು. ಮುದ್ರೆ ಒತ್ತಿ ಬಂದೆ. ನನ್ನ ಇಲಾಖೆಯ ಅಧಿಕಾರ ಅಷ್ಟೇ ಇತ್ತು.

ಹಂಡೆಮನೆಯವರಿಗೆ ಒಂದು ಪದ್ಧತಿಯಿತ್ತು. ಹೊರಗಿನವರಿಗೆ ಹೇಳಿದರೆ ಅಸಹ್ಯಪಡುತ್ತಾರೆ, ಆದರೆ ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಹೊಸದಾಗಿ ಸೇರಿದವನು ಕೆಲವು ವಾರ ಪುಡಿಯಲ್ಲಿ ಕೆಲಸ ಮಾಡಿದ ಮೇಲೆ ಒಂದು ದಿನ ಅವನ ಮೂತ್ರಕ್ಕೂ ಬಣ್ಣ ಬರುತ್ತಿತ್ತು. ಬಟ್ಟೆಗೆ ಕೆಂಪು ಹಾಕುವ ವಾರ ಕೆಂಪು, ಕಿತ್ತಳೆಯ ವಾರ ಕಿತ್ತಳೆ. ಅವನು ಗಾಬರಿಯಿಂದ ಓಡಿಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಸ್ತ್ರಿ ಅವನ ಬೆನ್ನು ತಟ್ಟಿ, "ಇವತ್ತಿಗೆ ನೀನು ಹಂಡೆಯವನಾದೆ ಕಣೋ! ಒಳಗೂ ಹೊರಗೂ ಪಕ್ಕಾ ಬಣ್ಣ!" ಎಂದು ಘೋಷಿಸುತ್ತಿದ್ದ. ಅವನು ಎಲ್ಲರಿಗೂ ಟೀ ಕುಡಿಸಬೇಕು. ಅದಕ್ಕೆ ಬಣ್ಣದ ಟೀ ಎಂದೇ ಹೆಸರು. ಕೆಂಗೈ ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಟೀ ಕೊಡಿಸಿದ್ದ. ಹಲವು ವರ್ಷಗಳ ನಂತರ ತಮ್ಮನನ್ನೂ ಅದೇ ಕೆಲಸಕ್ಕೆ ಸೇರಿಸಿ, ಅವನ ಟೀಯನ್ನೂ ಕುಡಿದು, ಆ ಸಂಜೆ ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದ್ದ: "ನಮ್ಮೋನಿಗೂ ಬಂತು ಕಣೇ ಬಣ್ಣ!"

"ಥೂ, ಅದನ್ನೇನು ಡಂಗುರ ಸಾರ್ತೀರ?" ಎಂದು ಅವಳು ಬೈದಿದ್ದಳು.

"ನಿಂಗೇನು ಗೊತ್ತು? ಆಫೀಸಿನೋರು ಇವತ್ತು ಯಾವ ಆರ್ಡರು ಓಡ್ತಿದೆ ಅಂತ ತಿಳ್ಕೊಳ್ಳೋಕೆ ಮ್ಯಾನೇಜರನ್ನ ಕೇಳೋದಿಲ್ಲ. ನಮ್ಮ ಕಕ್ಕಸಿಗೆ ಬಂದು ನೋಡ್ಕೊಂಡು ಹೋಗ್ತಾರೆ."

ಹೀಗೆ ನಗುವವರು ಅಪಾಯವನ್ನು ಅರಿತು ಅಲಕ್ಷಿಸಿದವರಲ್ಲ. ಮೈಯೊಳಗೆ ಹೋದದ್ದು ಹೊರಗೆ ಬಂತು, ಅಲ್ಲಿಗೆ ಲೆಕ್ಕ ಚುಕ್ತಾ ಎಂದು ಅವರು ತಿಳಿದಿದ್ದರು. ಬಣ್ಣ ಕಾಣಿಸಿದರೆ ಒಳ್ಳೆಯದು, ಕಾಣದಿದ್ದರೆ ಒಳಗೇ ಕೂತಿದೆ ಎಂದು ಮೇಸ್ತ್ರಿ ಹೇಳಿಕೊಡುತ್ತಿದ್ದ. ಅವನಿಗೆ ಅವನ ಮೇಸ್ತ್ರಿ ಹೇಳಿಕೊಟ್ಟಿದ್ದ. ಹಾಗಲ್ಲ ಎಂದು ಹೇಳಬೇಕಾದವರು ಒಬ್ಬರೂ ಹಂಡೆಮನೆಯ ಹೊಸ್ತಿಲು ದಾಟಿ ಬರಲಿಲ್ಲ.

ಇನ್ನು ಸಿಗರೇಟಿನ ವಿಷಯ. ಕೆಂಗೈ ಸೇದುತ್ತಿದ್ದ. ದಿನಕ್ಕೆ ಏಳೆಂಟು, ಸಂಬಳದ ದಿನ ಹತ್ತು. ಕಾಯಿಲೆ ಗೊತ್ತಾಗುವವರೆಗೂ ಬಿಡಲಿಲ್ಲ. ಇದನ್ನು ನಾನು ಮುಚ್ಚಿಡುವುದೂ ಇಲ್ಲ, ಹಗುರ ಮಾಡುವುದೂ ಇಲ್ಲ. ತಂಗಿ ಪೊಟ್ಟಣ ಬಚ್ಚಿಟ್ಟಳು, ಜಗಳವಾಡಿದಳು, ಮೂರು ದಿನ ಮಾತು ಬಿಟ್ಟಳು. ನಾನೂ ಹಿರಿಯನೆಂಬ ಸಲಿಗೆಯಿಂದ ಎಷ್ಟೋ ಸಲ ಹೇಳಿದೆ. ಒಮ್ಮೆ ಅವನು ಕೊಟ್ಟ ಉತ್ತರವಿದು.

"ಭಾವ, ಸೇದೋರಿಗೆ ಮಾತ್ರ ಹೊರಗೆ ಹೋಗೋಕೆ ಬಿಡ್ತಾರೆ. ಐದು ನಿಮಿಷ ಗಾಳಿ. ಸೇದದೋನು 'ಸ್ವಲ್ಪ ಹೊರಗೆ ನಿಂತು ಬರ್ತೀನಿ' ಅಂದ್ರೆ, 'ಯಾಕಪ್ಪಾ, ಹೊರಗೇನು ನಿನ್ನ ಮಾವನ ಮನೆ ಇದೆಯಾ?' ಅಂತ ಕೇಳ್ತಾರೆ. ನಾನು ಹೊಗೆಗೆ ಅಂತ ಹೋಗ್ತೀನಿ ಅಂದ್ಕೊಂಡ್ರಾ? ಹಬೆ ತಪ್ಪಿಸಿಕೊಳ್ಳೋಕೆ ಹೋಗೋದು."

ಇದರಲ್ಲಿ ಅರ್ಧ ನೆಪವಿತ್ತು. ಉಳಿದರ್ಧ ನಿಜ, ವಿಚಾರಿಸಿ ತಿಳಿದುಕೊಂಡಿದ್ದೇನೆ. ಆ ಕಾರ್ಖಾನೆಯಲ್ಲಿ ಉಸಿರಾಡಲು ಬಿಡುವು ಬೇಕಾದವನು ಹೊಗೆ ಎಳೆಯುವವನಾಗಿರಬೇಕಿತ್ತು. ತಮ್ಮ ಸೇದುವವನಲ್ಲವಾದ್ದರಿಂದ ಅವನಿಗೆ ಆ ಐದು ನಿಮಿಷವೂ ಇರಲಿಲ್ಲ. ಅಣ್ಣ ಹೊರಗೆ ಹೋದಾಗ ಅಣ್ಣನ ಹಂಡೆಯನ್ನೂ ಅವನೇ ಕದಡುತ್ತಿದ್ದ. ಅವರು ದಿನವಿಡೀ ನೀರನ್ನೂ ಕಡಿಮೆ ಕುಡಿಯುತ್ತಿದ್ದರು. ಪದೇ ಪದೇ ಎದ್ದು ಹೋದರೆ ಮೇಸ್ತ್ರಿ ಗದರುತ್ತಿದ್ದ. ನೀರು ಕಡಿಮೆ ಕುಡಿಯುವುದರಿಂದ ಈ ಕಾಯಿಲೆಯ ಅಪಾಯ ಹೆಚ್ಚುತ್ತದೆಯೇ ಎಂಬುದು ವೈದ್ಯರಲ್ಲಿ ಇನ್ನೂ ಖಚಿತವಾಗಿಲ್ಲವಂತೆ. ಖಚಿತವಲ್ಲದ್ದನ್ನು ನನ್ನ ದೂರಿಗೆ ಸೇರಿಸಿಕೊಳ್ಳುವುದಿಲ್ಲ. ಅದಿಲ್ಲದೆಯೂ ದೂರು ಸಾಕಷ್ಟು ಭಾರವಾಗಿದೆ.

ಕೆಂಗೈಗೆ ನಲವತ್ತೆಂಟು ನಡೆಯುತ್ತಿದ್ದಾಗ ಕಾರ್ಖಾನೆಗೆ ಒಂದು ದೊಡ್ಡ ಆರ್ಡರು ಬಂತು. ಚಿತ್ರಮಂದಿರಗಳಿಗೆ ತೂಗುಹಾಕುವ ಕೆಂಪು ಪರದೆ ಬಟ್ಟೆ. ತಿಂಗಳುಗಟ್ಟಲೆ ಎಲ್ಲ ಹಂಡೆಗಳಲ್ಲೂ ಒಂದೇ ಬಣ್ಣ. ಗೋಡೆ ಕೆಂಪು, ನೆಲ ಕೆಂಪು, ಮನೆಗೆ ತರುವ ಊಟದ ಡಬ್ಬಿಯ ಹಿಡಿ ಕೆಂಪು. ಆ ತಿಂಗಳುಗಳಲ್ಲಿ ಯಾವುದೋ ಒಂದು ದಿನ ಅವನ ಮೂತ್ರದಲ್ಲಿ ರಕ್ತ ಬರಲು ಶುರುವಾಗಿರಬೇಕು. ಯಾವ ದಿನ ಎಂದು ಯಾರಿಗೂ ತಿಳಿಯದು, ಅವನಿಗೂ ತಿಳಿಯಲಿಲ್ಲ. ಬೇರೆ ಯಾವ ಮನುಷ್ಯನಾದರೂ ಕೆಂಪು ಕಂಡೊಡನೆ ಎದೆ ಒಡೆದುಕೊಂಡು ಆಸ್ಪತ್ರೆಗೆ ಓಡುತ್ತಿದ್ದ. ಬೇರೆ ಯಾವ ಕಸುಬಿನವನೂ ಮಾಡಲಾರದ ತಪ್ಪನ್ನು ಅವನು ಮಾಡಿದ: ತನ್ನ ರಕ್ತವನ್ನು ಪರದೆಯ ಬಣ್ಣವೆಂದು ತಿಳಿದ. ನೋವೂ ಇರಲಿಲ್ಲ. ಈ ಕಾಯಿಲೆ ಮೊದಮೊದಲು ನೋಯದೆ ಕಾಣಿಸಿಕೊಳ್ಳುವುದೇ ಹೆಚ್ಚು ಎಂದು ಆಮೇಲೆ ತಿಳಿಯಿತು.

ಆರ್ಡರಿನ ನಡುವೆ ಹಂಡೆಗಳಿಗೆ ಹಬೆ ಕೊಡುವ ಬಾಯ್ಲರು ಕೆಟ್ಟಿತು. ರಿಪೇರಿಗೆಂದು ಹಂಡೆಮನೆ ಮುಚ್ಚಿತು. ಕೆಂಗೈ ಮನೆಯಲ್ಲಿ ಕಾಲು ಚಾಚಿ ಮಲಗಿದ, ಮುರಿದ ಕುರ್ಚಿಗೆ ಮೊಳೆ ಹೊಡೆದ. ಬಚ್ಚಲು ಉಜ್ಜಲು ಹೋದ ತಂಗಿ ಪೊರಕೆ ಹಿಡಿದುಕೊಂಡೇ ಹೊರಗೆ ಬಂದು ಕೇಳಿದಳು.

"ರೀ, ಹಂಡೆ ನಿಂತು ಎಷ್ಟು ದಿನ ಆಯ್ತು?"

"ವಾರದ ಮೇಲಾಯ್ತಲ್ಲ. ಯಾಕೆ?"

"ಮತ್ತೆ ಈ ಕೆಂಪು ಯಾಕೆ ನಿಂತಿಲ್ಲ?"

"ಹಳೇ ಬಾಕಿ ಇರ್ಬೇಕು ಬಿಡೇ" ಎಂದು ನಕ್ಕ.

ಅವಳು ನಗಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಅವನ ಎಡಗೈ ಹಿಡಿದು ಉಗುರುಗಳನ್ನು ತೋರಿಸಿದಳು. ಒಂದು ವಾರದ ಬಿಡುವಿಗೆ ಉಗುರಿನ ಬುಡದಲ್ಲಿ ಬಿಳಿ ಗೆರೆ ಮೂಡಿತ್ತು. "ಕೈಯೇ ಬಿಡ್ತಾ ಇದೆ. ಹೊಟ್ಟೆ ಯಾಕೆ ಬಿಡ್ತಿಲ್ಲ?" ಎಂದಳು. ಅವನ ಮುಖದ ನಗು ಅಲ್ಲಿಗೆ ನಿಂತಿತು ಎಂದು ತಂಗಿಯೇ ನನಗೆ ಹೇಳಿದ್ದಾಳೆ.

ಮರುದಿನ ಅವರಿಬ್ಬರೊಡನೆ ನಾನೂ ಆಸ್ಪತ್ರೆಗೆ ಹೋದೆ. ಪರೀಕ್ಷೆಗಳಾದವು, ನಳಿಕೆ ಹಾಕಿ ಒಳಗೆ ನೋಡಿದರು. ಗಂಟು ಮೂತ್ರಕೋಶದ ಗೋಡೆಯ ಮಾಂಸದೊಳಕ್ಕೆ ಇಳಿದಿತ್ತು. ಮೇಲ್ಪದರದಲ್ಲಿದ್ದಾಗಲೇ ಬಂದಿದ್ದರೆ ಕೆರೆದು ತೆಗೆದು ಬಹುಕಾಲ ಕಾಯಬಹುದಿತ್ತು ಎಂದು ಡಾಕ್ಟರು ಹೇಳಿದರು. ಅವರು ಇನ್ನೂ ಚಿಕ್ಕ ವಯಸ್ಸಿನವರು, ಬಾಗಿಲಾಚೆ ನೂರು ಜನ ಕಾಯುತ್ತಿದ್ದರು.

"ಸಿಗರೇಟು ಸೇದ್ತೀರಾ?"

"ಸೇದ್ತೀನಿ ಡಾಕ್ಟ್ರೇ."

"ಎಷ್ಟು ವರ್ಷದಿಂದ?"

ಅವನು ಹೇಳಿದ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಮೇಜಿನ ಮೇಲಿದ್ದ ಕೆಂಪು ಕೈಯನ್ನು ಅವರು ನೋಡಿದರು, ಆದರೆ ಅದರ ಬಗ್ಗೆ ಕೇಳಲಿಲ್ಲ. ನಾನು ಕೇಳಿದೆ: ಇವನು ಇಪ್ಪತ್ತಾರು ವರ್ಷದಿಂದ ಬಣ್ಣದ ಪುಡಿಯಲ್ಲಿದ್ದಾನೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಅವರು ಪೆನ್ನು ಕೆಳಗಿಟ್ಟರು.

"ಖಂಡಿತ ಇರಬಹುದು. ಕೆಲವು ಬಣ್ಣಗಳಲ್ಲಿರೋ ರಾಸಾಯನಿಕಗಳಿಂದ ಇದೇ ಕ್ಯಾನ್ಸರ್ ಬರುತ್ತೆ ಅಂತ ಬಹಳ ಹಿಂದೇನೇ ಗೊತ್ತಾಗಿದೆ. ಎಲ್ಲಾ ಬಣ್ಣ ಅಲ್ಲ, ಕೆಲವು. ಹೊಗೆಯ ವಿಷಾನೂ ರಕ್ತದಲ್ಲಿ ಸುತ್ತಿ ಕೊನೆಗೆ ಅಲ್ಲೇ ಬಂದು ನಿಲ್ಲುತ್ತೆ, ಪುಡಿಯದೂ ಅಲ್ಲೇ. ಎರಡೂ ಸೇರಿದ್ರೆ ಅಪಾಯ ಇನ್ನೂ ಜಾಸ್ತಿ. ಇವರ ವಿಷಯದಲ್ಲಿ ಯಾವುದು ಎಷ್ಟು ಅಂತ ಯಾರೂ ಬೇರ್ಪಡಿಸಿ ಹೇಳೋಕಾಗಲ್ಲ." ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲಿ ಇನ್ನೂ ಯಾರ್ಯಾರು ಕೆಲಸ ಮಾಡ್ತಿದ್ದಾರೆ? ಅವರೆಲ್ಲಾ ಪರೀಕ್ಷೆ ಮಾಡಿಸ್ಕೊಂಡ್ರೆ ಒಳ್ಳೇದು. ಸೇದದೇ ಇದ್ರೂ. ಕೆಲಸ ಬಿಟ್ಟು ಎಷ್ಟೋ ವರ್ಷ ಆದ್ಮೇಲೂ ಕಾಣಿಸ್ಕೋಬಹುದು" ಎಂದರು.

ಕೆಂಗೈ ತಿರುಗಿ ನೋಡಿದ್ದು ನನ್ನನ್ನಲ್ಲ, ಹೆಂಡತಿಯನ್ನು. "ನಮ್ಮೋನು" ಎಂದ. ಅಷ್ಟೇ.

ಆ ನಂತರ ಅವನು ಬದುಕಿದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಮೂತ್ರಕೋಶ ತೆಗೆದರು, ಹೊಟ್ಟೆಯ ಪಕ್ಕಕ್ಕೆ ಚೀಲ ಕಟ್ಟಿದರು. ಸಿಗರೇಟನ್ನು ಅಂದೇ ಬಿಟ್ಟ, ಒಂದು ದಿನವೂ ಮತ್ತೆ ಕೇಳಲಿಲ್ಲ. ಕೈಯ ಬಣ್ಣ ಮಾಸುತ್ತಾ ಬಂದು ಕೊನೆಗೆ ಗುಲಾಬಿಯಾಯಿತು. ಮಂಚದ ಮೇಲೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ, "ಸಂಬಳ ನಿಂತುಹೋಯ್ತು ಭಾವ" ಎನ್ನುತ್ತಿದ್ದ. ಪ್ರತಿ ಭಾನುವಾರ ತಮ್ಮ ಬಂದರೆ ಒಂದೇ ಮಾತು.

"ಪರೀಕ್ಷೆ ಮಾಡಿಸ್ದ್ಯಾ?"

"ಮಾಡಿಸ್ತೀನಿ ಅಣ್ಣ."

"ಯಾವಾಗ?"

"ರಜೆ ಕೊಡಲ್ಲ ಅಂತಾರೆ. ಕೊಟ್ರೂ, ಯಾಕೆ ಏನು ಅಂತ ಕೇಳ್ತಾರೆ. ಕಾಯಿಲೆ ಇದೆ ಅಂತ ಗೊತ್ತಾದ್ರೆ ಹಂಡೆಮನೆಯಿಂದ ತೆಗೀತಾರೆ. ತೆಗೆದ್ರೆ ಬೇರೆ ಏನು ಕೆಲಸ ಗೊತ್ತು ನಂಗೆ?"

"ಬದುಕಿರೋ ಕೆಲಸ ಕಲ್ತ್ಕೋ" ಎಂದು ಕೆಂಗೈ ಒಮ್ಮೆ ಕೂಗಿದ. ಅವನು ಜೋರಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಮ್ಮ ತಲೆ ತಗ್ಗಿಸಿದ. "ಆಯ್ತು, ಈ ತಿಂಗಳು ಖಂಡಿತ" ಎಂದು ಅಣ್ಣನ ಗುಲಾಬಿ ಕೈಯ ಮೇಲೆ ತನ್ನ ಕೆಂಪು ಕೈ ಇಟ್ಟು ಮಾತು ಕೊಟ್ಟ. ಆ ತಿಂಗಳು ಮುಗಿಯುವ ಮೊದಲೇ ಅಣ್ಣ ತೀರಿಕೊಂಡ.

ಕೊಟ್ಟ ಮಾತು ತಮ್ಮನನ್ನು ಕಾಡುತ್ತಿತ್ತು. ಅದಕ್ಕೆ ನಾನೇ ಸಾಕ್ಷಿ. ಅಂತೂ ಜನವರಿಯಲ್ಲಿ ಆಸ್ಪತ್ರೆಗೆ ಬರಲು ಒಪ್ಪಿ, ನನ್ನೊಡನೆ ದಿನವನ್ನೂ ಗೊತ್ತು ಮಾಡಿದ: ಫೆಬ್ರವರಿಯ ಎರಡನೆಯ ವಾರ. ನಡುವೆ ಬಂದದ್ದು ಆ ನಾಲ್ಕನೆಯ ತಾರೀಖು. ಅಣ್ಣನ ಆಳೆತ್ತರದ ಚಿತ್ರ, ತೊಳೆದ ಕೈ, ಸಿಗರೇಟು. ಸೇದದವರು ನೆಮ್ಮದಿಯಾಗಿ ಮನೆಗೆ ಹೋಗಬಹುದೆಂಬ ಡಾಕ್ಟರ ಅಭಯ. ಗೊತ್ತು ಮಾಡಿದ ದಿನ ನಾನು ಆಸ್ಪತ್ರೆಯ ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕಾದೆ. ಅವನು ಬರಲಿಲ್ಲ. ಸಂಜೆ ಮನೆಗೇ ಹೋಗಿ ಕೇಳಿದರೆ, "ಭಾವ, ನೀವು ದೊಡ್ಡೋರು, ಓದಿದೋರು. ಆದ್ರೆ ಫ್ಯಾಕ್ಟರಿ ಡಾಕ್ಟ್ರಿಗಿಂತ ಹೆಚ್ಚು ಗೊತ್ತಾ ನಿಮಗೆ?" ಎಂದ. ಅದರಲ್ಲಿ ಉದ್ಧಟತನವಿರಲಿಲ್ಲ, ಬೇಡಿಕೆಯಿತ್ತು. ಇಲ್ಲ ಎಂದು ಹೇಳಿಬಿಡಿ, ನನ್ನ ಭಯವನ್ನು ಮತ್ತೆ ಎಬ್ಬಿಸಬೇಡಿ ಎನ್ನುವ ಬೇಡಿಕೆ.

ಮರುದಿನ ನಾನು ಕಲ್ಯಾಣಾಧಿಕಾರಿಯ ಕೋಣೆಗೆ ಹೋದೆ. ಸಭ್ಯರು, ಕುರ್ಚಿ ಕೊಟ್ಟರು, ಟೀ ತರಿಸಿದರು.

"ಸಾರ್, ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಒಂದು ಮಾತು ಹೇಳಿ, ಅವರು ಸೇದ್ತಿದ್ದಿದ್ದು ಸುಳ್ಳಾ?"

"ಸುಳ್ಳಲ್ಲ."

"ಸಿಗರೇಟಿಂದ ಈ ಕಾಯಿಲೆ ಬರೋದು ಸುಳ್ಳಾ?"

"ಅದೂ ಸುಳ್ಳಲ್ಲ."

"ಮತ್ತೆ ನಾವು ಬರೆಸಿದ್ದರಲ್ಲಿ ತಪ್ಪೇನಿದೆ?"

"ನಾನು ಮೂವತ್ತಮೂರು ವರ್ಷ ತಕ್ಕಡಿ ಪರೀಕ್ಷೆ ಮಾಡಿದವನು," ಎಂದೆ. "ತಕ್ಕಡಿಗೆ ಎರಡು ತಟ್ಟೆ ಇರುತ್ತವೆ. ನೀವು ಒಂದನ್ನು ಬಿಚ್ಚಿಟ್ಟು ತೂಗಿದ್ದೀರಿ. ಕೈಯ ಬಣ್ಣ ಯಾಕೆ ಅಳಿಸಿದಿರಿ?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಅಳಿಸಿದ್ದಲ್ಲ ಸಾರ್, ಸರಿ ಮಾಡಿದ್ದು. ಚಿತ್ರ ಮಾಡೋರೇ ಹೇಳಿದ್ರು, ಕೈ ಅಷ್ಟು ಕೆಂಪಗಿದ್ರೆ ನೋಡೋರಿಗೆ ರಕ್ತ ಅನ್ನಿಸುತ್ತೆ ಅಂತ."

ನಾನು ಟೀ ಮುಟ್ಟದೆ ಎದ್ದು ಬಂದೆ. ಅದಾದ ಮೇಲೆ ಅವರಿಗೆ ಎರಡು ಸಲ ಬರೆದಿದ್ದೇನೆ; ಲಿಖಿತ ಉತ್ತರ ಬಂದಿಲ್ಲ. ಪೀಪಾಯಿಗಳ ಮೇಲಿನ ಸಂಖ್ಯೆಗಳಿಗೆ ಅರ್ಥವೇನು, ಒಳಗಿರುವ ಪುಡಿ ಯಾವುದು ಎಂದು ಕೇಳಿದ್ದೆ. ಅದು ವ್ಯಾಪಾರದ ಗುಟ್ಟೆಂದು ಬಾಗಿಲ ಕಾವಲುಗಾರನ ಮೂಲಕ ಹೇಳಿ ಕಳಿಸಿದರು.

ತಂಗಿ ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದಾಳೆ. ಮೈದುನ ಭಾನುವಾರ ಬಂದರೆ ಚಪ್ಪಲಿ ಬಿಡುವ ಮೊದಲೇ, "ಈ ವಾರ ಯಾವ ಬಣ್ಣ?" ಎಂದು ಕೇಳುತ್ತಾಳೆ. ಅವನು ಹೇಳುತ್ತಾನೆ. ಮೊದಮೊದಲು ನಗುತ್ತಾ ಹೇಳುತ್ತಿದ್ದ. "ಏನತ್ತಿಗೆ, ನೀವೇ ಮೇಸ್ತ್ರಿ ಆಗಿಬಿಟ್ರಲ್ಲ?" ಎನ್ನುತ್ತಿದ್ದ.

ಹೋದ ಭಾನುವಾರ ನಾನೂ ಅಲ್ಲಿದ್ದೆ. "ಈ ವಾರ ನೀಲಿ" ಎಂದ. "ಹೋದ ವಾರಾನೂ ನೀಲಿನೇ." ಊಟವಾಯಿತು. ಅವನು ಬಚ್ಚಲಿಗೆ ಹೋದ. ಹೋದವನು ಬಹಳ ಹೊತ್ತು ಬರಲಿಲ್ಲ. ತಂಗಿ ತಟ್ಟೆಗಳನ್ನು ಎತ್ತದೆ ಹಾಗೆಯೇ ಕುಳಿತಿದ್ದಳು. ಒಳಗೆ ನೀರು ಸುರಿಯುವ ಸದ್ದಾಯಿತು, ಮತ್ತೆ ಸುರಿಯಿತು, ಮತ್ತೂ ಒಂದು ಚೊಂಬು. ಅವನು ಹೊರಗೆ ಬಂದು ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ನಮ್ಮಿಬ್ಬರನ್ನೂ ನೋಡಲಿಲ್ಲ.

"ಏನಾಯ್ತೋ?" ಎಂದಳು ತಂಗಿ.

"ಏನಿಲ್ಲ ಅತ್ತಿಗೆ."

"ನನ್ನ ಮುಖ ನೋಡಿ ಹೇಳು."

"ಹೋದ ತಿಂಗಳು ಕೆಂಪು ಓಡಿತ್ತಲ್ಲ. ಅದೇ ಇರ್ಬೇಕು."

ತಂಗಿ ಎದ್ದು ಬಚ್ಚಲಿಗೆ ಹೋದಳು. ಅವನು ಎಲ್ಲವನ್ನೂ ತೊಳೆದಿದ್ದ. ಅವಳು ಮರಳಿ ಬಂದು ಅವನ ತೋಳು ಹಿಡಿದು, "ಈಗಲೇ ನಡಿ, ಈಗಲೇ" ಎಂದಳು. ಅವನು ಮೆಲ್ಲಗೆ ಬಿಡಿಸಿಕೊಂಡ. "ಭಾನುವಾರ ಯಾರಿರ್ತಾರೆ ಅತ್ತಿಗೆ? ನಾಳೆ ಕೆಲಸಕ್ಕೆ ಹೋಗಲೇಬೇಕು. ಆಮೇಲೆ ನೋಡೋಣ." ಚಪ್ಪಲಿ ಮೆಟ್ಟಿಕೊಳ್ಳುವಾಗ ತನಗೆ ತಾನೇ ಹೇಳಿಕೊಳ್ಳುವಂತೆ, "ನಾನು ಸೇದಲ್ಲವಲ್ಲ" ಎಂದ. ಅವನು ಮೆಟ್ಟಿಲಿಳಿದು ಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ಆಮೇಲೆ ನನಗೆ ಬೆನ್ನು ಮಾಡಿಯೇ, "ಅವರ ಕಾಲದಲ್ಲಾದ್ರೂ ಬಾಯ್ಲರು ಕೆಟ್ಟಿತ್ತು ಅಣ್ಣ. ಇವನ ಕಾಲಕ್ಕೆ ಅದೂ ಕೆಡ್ತಾ ಇಲ್ಲ" ಎಂದಳು.

ಅದು ರಕ್ತವೋ ಬಣ್ಣವೋ ನನಗೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಬರೆಯುವುದಿಲ್ಲ. ಆದರೆ ಕಾರ್ಖಾನೆಯವರಾದ ನಿಮಗೆ ತಿಳಿಯಬಹುದು. ತಿಳಿದುಕೊಳ್ಳಲು, ಪರೀಕ್ಷೆಗೆ ಮೂತ್ರ ಹಿಡಿಯುವ ಒಂದು ಸಣ್ಣ ಶೀಶೆ ಸಾಕು.

ಆದುದರಿಂದ ಕಾರ್ಖಾನೆಯ ವ್ಯವಸ್ಥಾಪಕರೇ, ಕಲ್ಯಾಣಾಧಿಕಾರಿಗಳೇ, ಎಲ್ಲಕ್ಕಿಂತ ಮೊದಲು ಡಾಕ್ಟರೇ, ನಿಮ್ಮನ್ನು ಉದ್ದೇಶಿಸಿ ಹೇಳುತ್ತಿದ್ದೇನೆ. ಆ ಚಿತ್ರವನ್ನು ಕಿತ್ತುಹಾಕಬೇಡಿ. ಸಿಗರೇಟಿನ ಸಾಲನ್ನೂ ತೆಗೆಯಬೇಡಿ. ಅದರಲ್ಲೂ ನಿಜವಿದೆ, ಅದನ್ನು ಓದಿ ಒಬ್ಬನಾದರೂ ಬಿಟ್ಟರೆ ಕೆಂಗೈಗೆ ಸಂತೋಷವೇ. ಆದರೆ ನೀವು ತೊಳೆದ ಬಣ್ಣವನ್ನು ಅವನ ಕೈಗೆ ಹಿಂದಿರುಗಿಸಿ. ಅದರ ಕೆಳಗೆ ಪೀಪಾಯಿಗಳಲ್ಲಿರುವ ಪುಡಿಯ ಹೆಸರನ್ನು ಬರೆಸಿ. ಮೂತ್ರದ ಕೆಂಪು ಯಾವತ್ತೂ ನಗುವ ವಿಷಯವಲ್ಲ ಎಂದು ಹಂಡೆಮನೆಯ ಕಕ್ಕಸಿನ ಬಾಗಿಲ ಮೇಲೂ ಬರೆಸಿ. ಸೇದದವನಿಗೂ ಹೊರಗೆ ಹೋಗಿ ಉಸಿರಾಡುವ ಹಕ್ಕು ಕೊಡಿ. ಡಾಕ್ಟರೇ, ನೀವು ಎಲ್ಲರ ಮುಂದೆ ಕೊಟ್ಟ ಅಭಯವನ್ನು ಎಲ್ಲರ ಮುಂದೆಯೇ ಹಿಂದಕ್ಕೆ ಪಡೆಯಿರಿ. ಅವನು ನನ್ನ ಮಾತು ಕೇಳುವುದಿಲ್ಲ, ಅತ್ತಿಗೆಯ ಮಾತು ಕೇಳುವುದಿಲ್ಲ, ಸತ್ತ ಅಣ್ಣನಿಗೆ ಕೊಟ್ಟ ಮಾತನ್ನೂ ಮೀರಿದ್ದಾನೆ. ನಿಮ್ಮ ಮಾತನ್ನು ಕೇಳುತ್ತಾನೆ. ಬರುವ ಸೋಮವಾರ ಬೆಳಿಗ್ಗೆಯೂ ಅವನು ಕೆಲಸಕ್ಕೆ ಬರುತ್ತಾನೆ. ಅವನ ಕೈಗೆ ಕದಡುವ ಕೋಲು ಕೊಡುವ ಮೊದಲು ಆ ಶೀಶೆ ಕೊಡಿ.